ಸೋತ ಮುಷ್ಕರಕ್ಕೆ ನಲವತ್ತು ಎಕರೆ: ಲಡ್ಲೋ ಕಲ್ಲಿದ್ದಲು ಸೀಮೆಯ ಒಂದು ಪ್ರಕರಣ ಅಧ್ಯಯನ

ಲಡ್ಲೋ ಮುಷ್ಕರ ಸೋತಿತು. ಅಮೆರಿಕದ ಕೊಲರಾಡೊ ರಾಜ್ಯದ ದಕ್ಷಿಣದಲ್ಲಿ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ನಡೆದ ಗಣಿ ಕಾರ್ಮಿಕರ ಹೋರಾಟ 1914ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಕಾರಣ ಬಹಳ ಸರಳ: ಸಂಘದ ಬಳಿ ದುಡ್ಡು ಮುಗಿದಿತ್ತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ, ಎಷ್ಟೋ ಜನರಿಗೆ ಹಳೆಯ ಕೆಲಸವೂ ಸಿಗಲಿಲ್ಲ. ಆದರೂ ಅದರ ನೆನಪು ನೂರು ವರ್ಷ ದಾಟಿ ಉಳಿದಿದೆ. ಆ ಮುಷ್ಕರ ಹೇಗೆ ನಡೆಯಿತು ಎನ್ನುವುದರ ಬಗ್ಗೆ ಸಾಕಷ್ಟು ಬರೆದಾಗಿದೆ. ಅದರ ನೆನಪನ್ನು ಯಾರು, ಯಾವ ತೀರ್ಮಾನಗಳ ಮೂಲಕ ಉಳಿಸಿದರು, ಹಾಗೆ ಉಳಿಸುವಾಗ ಏನೇನು ಕೈಬಿಟ್ಟರು ಎನ್ನುವುದು ಇಲ್ಲಿನ ವಿಷಯ. ಸಾರ್ವಜನಿಕ ದಾಖಲೆಯಲ್ಲಿ ದೊಡ್ಡ ಪಾತ್ರ ಇರುವ ಕೆಲವರನ್ನಷ್ಟೇ ಹೆಸರಿಸಿದ್ದೇನೆ. ಸಂತ್ರಸ್ತ ಕುಟುಂಬಗಳು, ಸ್ಥಳೀಯ ಸಂಘದ ಹಿರಿಯರು, ಅಗೆತ ಮಾಡಿದ ವಿದ್ವಾಂಸರು ಹೆಸರಿಲ್ಲದೆಯೇ ಬರುತ್ತಾರೆ.

ಹಿನ್ನೆಲೆ

ಆ ಸೀಮೆಯ ಅತಿ ದೊಡ್ಡ ಕಂಪನಿ ಕೊಲರಾಡೊ ಫ್ಯೂಯೆಲ್ ಅಂಡ್ ಐರನ್. ಅದರ ಹಿಡಿತ ನ್ಯೂಯಾರ್ಕ್‌ನಲ್ಲಿದ್ದ ರಾಕ್‌ಫೆಲ್ಲರ್ ಮನೆತನದ ಕೈಯಲ್ಲಿತ್ತು. ಕಲ್ಲಿದ್ದಲು ಕಣಿವೆಗಳಲ್ಲಿ ಮನೆ ಕಂಪನಿಯದು, ಅಂಗಡಿ ಕಂಪನಿಯದು, ವೈದ್ಯ ಕಂಪನಿಯವನು. ಬಹಳ ಕಡೆ ಶಾಲೆ, ಚರ್ಚು ಕೂಡ ಕಂಪನಿಯ ಜಾಗದಲ್ಲೇ ಇದ್ದವು. ಕೆಜಿಎಫ್‌ನ ಲೈನ್ ಮನೆಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೂಲಿ ಟನ್ ಲೆಕ್ಕದಲ್ಲಿ ಸಿಗುತ್ತಿತ್ತು. ಗಣಿಯೊಳಗೆ ಚಾವಣಿ ಕುಸಿಯದಂತೆ ಮರದ ಕಂಬ ಕೊಡುವುದಕ್ಕೆ, ಹಳಿ ಹಾಸುವುದಕ್ಕೆ, ಬಿದ್ದ ಕಲ್ಲು ತೆಗೆಯುವುದಕ್ಕೆ ಕಾಸಿಲ್ಲ. ಹೀಗಾಗಿ ಜೀವ ಉಳಿಸುವ ಕೆಲಸಕ್ಕೆ ಸಮಯ ಕೊಟ್ಟವನ ಕೂಲಿ ಆ ದಿನ ಕಡಿಮೆಯಾಗುತ್ತಿತ್ತು. ತೂಕದ ಮನೆಯಲ್ಲಿ ಮೋಸವಾಗುತ್ತಿದೆ ಎಂಬ ದೂರು ಎಲ್ಲ ಗಣಿಗಳಲ್ಲೂ ಇತ್ತು.

ಒಣ ಹವೆಯ ಆ ನಾಡಿನಲ್ಲಿ ಕಲ್ಲಿದ್ದಲ ದೂಳು ಸುಲಭವಾಗಿ ಸ್ಫೋಟಿಸುತ್ತದೆ. 1910ರ ಒಂದೇ ವರ್ಷದಲ್ಲಿ ಒಂದೇ ಜಿಲ್ಲೆಯ ಪ್ರಿಮೇರೊ, ಸ್ಟಾರ್ಕ್‌ವಿಲ್, ಡೆಲಾಗ್ವ ಗಣಿಗಳಲ್ಲಿ ಮೂರು ಸ್ಫೋಟಗಳಾಗಿ 200ಕ್ಕೂ ಹೆಚ್ಚು ಜನ ಸತ್ತರು. ಆ ಕಾಲದಲ್ಲಿ ಕೊಲರಾಡೊದ ಗಣಿ ಸಾವಿನ ಪ್ರಮಾಣ ದೇಶದ ಸರಾಸರಿಯ ಸುಮಾರು ಎರಡರಷ್ಟಿತ್ತು.

1913ರ ಸೆಪ್ಟೆಂಬರ್ 23ರಂದು ಮುಷ್ಕರ ಶುರುವಾಯಿತು. ಬೇಡಿಕೆಗಳು ಏಳು. ಸಂಘಕ್ಕೆ ಮಾನ್ಯತೆ, ಟನ್ ದರದಲ್ಲಿ ಶೇ. 10 ಏರಿಕೆ, ಎಂಟು ಗಂಟೆಯ ದಿನ, ಪುಕ್ಕಟೆ ಕೆಲಸಕ್ಕೆ ಕೂಲಿ, ತೂಕ ನೋಡಲು ಕಾರ್ಮಿಕರೇ ಆರಿಸಿದ ಆಳು, ಬೇಕಾದ ಅಂಗಡಿ ಮತ್ತು ವೈದ್ಯರ ಬಳಿ ಹೋಗುವ ಸ್ವಾತಂತ್ರ್ಯ, ಇರುವ ಗಣಿ ಕಾನೂನಿನ ಜಾರಿ. ಇವುಗಳಲ್ಲಿ ಹಲವು ಆಗಲೇ ರಾಜ್ಯದ ಕಾನೂನು ಪುಸ್ತಕದಲ್ಲಿದ್ದವು! ಕೆಲಸ ನಿಲ್ಲಿಸಿದವರನ್ನು ಕಂಪನಿ ಮನೆಗಳಿಂದ ಹೊರಹಾಕಿತು. ಯುನೈಟೆಡ್ ಮೈನ್ ವರ್ಕರ್ಸ್ ಸಂಘ ಕಣಿವೆಗಳ ಬಾಯಲ್ಲಿ ಜಾಗ ಬಾಡಿಗೆಗೆ ಹಿಡಿದು ಡೇರೆ ಹಾಕಿಸಿತು. ಬದಲಿ ಕೂಲಿಗಳು ಯಾವ ದಾರಿಯಲ್ಲಿ ಬಂದರೂ ಕಣ್ಣಿಗೆ ಬೀಳಬೇಕು ಎಂಬ ಲೆಕ್ಕಾಚಾರ ಅದರಲ್ಲಿತ್ತು. ಲಡ್ಲೋ ಅಂಥ ಶಿಬಿರಗಳಲ್ಲಿ ದೊಡ್ಡದು: ಸುಮಾರು 200 ಡೇರೆ, 1,200ರಷ್ಟು ಜನ. ಗ್ರೀಕರು, ಇಟಲಿಯವರು, ಸ್ಲಾವ್ ಜನ, ಮೆಕ್ಸಿಕೊ ಮೂಲದವರು ಮತ್ತು ತಲೆತಲಾಂತರದಿಂದ ಅಲ್ಲೇ ಇದ್ದ ಸ್ಪ್ಯಾನಿಷ್ ಮಾತಿನವರು ಒಂದೇ ಬಯಲಲ್ಲಿ ಚಳಿಗಾಲ ಕಳೆದರು.

ಕಂಪನಿಗಳು ಬಾಡಿಗೆ ಪತ್ತೇದಾರರನ್ನು ಕರೆಸಿದವು. ಮೆಷಿನ್‌ಗನ್ ಕಟ್ಟಿದ ಒಂದು ಉಕ್ಕಿನ ಕಾರು ಊರೂರು ತಿರುಗಿತು. ಅಕ್ಟೋಬರ್ ಕೊನೆಯಲ್ಲಿ ರಾಜ್ಯಪಾಲ ಇಲಾಯಸ್ ಆಮ್ಮನ್ಸ್ ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕಳಿಸಿದಾಗ ಕಾರ್ಮಿಕರು ಅದನ್ನು ಸ್ವಾಗತಿಸಿದ್ದರು, ಈಗಲಾದರೂ ಕಂಪನಿ ಕಾವಲುಗಾರರ ಕಾಟ ನಿಂತೀತು ಎಂದು. ತಿಂಗಳುಗಳು ಕಳೆದಂತೆ ರಾಜ್ಯಕ್ಕೆ ಖರ್ಚು ತಡೆಯಲಾಗದೆ ಹೆಚ್ಚಿನ ಸೈನಿಕರು ಮನೆಗೆ ಹೋದರು. ಉಳಿದ ತುಕಡಿಗಳಲ್ಲಿ ಕಂಪನಿಯ ಕಾವಲುಗಾರರೇ ಸಮವಸ್ತ್ರ ತೊಟ್ಟು ಸೇರಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯ ಕೀಲು ಇಲ್ಲಿದೆ. ಏಪ್ರಿಲ್‌ನಲ್ಲಿ ಗುಂಡು ಹಾರಿಸಿದ್ದು ಸರ್ಕಾರವೋ ಕಂಪನಿಯೋ ಎಂದು ಬಿಡಿಸಿ ಹೇಳಲಾಗದ ಸ್ಥಿತಿ ಆಗಲೇ ಸಿದ್ಧವಾಗಿತ್ತು.

1914ರ ಏಪ್ರಿಲ್ 19 ಗ್ರೀಕ್ ಸಂಪ್ರದಾಯದ ಈಸ್ಟರ್. ಮರುದಿನ ಬೆಳಿಗ್ಗೆ ಗುಂಡಿನ ಕಾಳಗ ಶುರುವಾಗಿ ದಿನವಿಡೀ ನಡೆಯಿತು. ಹಾದುಹೋಗುತ್ತಿದ್ದ ಒಂದು ಗೂಡ್ಸ್ ರೈಲು ನಡುವೆ ನಿಂತಿದ್ದರಿಂದ ಅದರ ಮರೆಯಲ್ಲಿ ಎಷ್ಟೋ ಜನ ತಪ್ಪಿಸಿಕೊಂಡರು. ಸಂಜೆ ಸೈನಿಕರು ಡೇರೆಗಳಿಗೆ ಬೆಂಕಿ ಇಟ್ಟರು. ಗುಂಡಿನಿಂದ ಕಾಪಾಡಿಕೊಳ್ಳಲು ಡೇರೆಯೊಂದರ ಕೆಳಗೆ ತೋಡಿದ್ದ ನೆಲಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಉಸಿರುಗಟ್ಟಿ ಸತ್ತರು. ಶಿಬಿರದ ಮುಖಂಡ, ಕ್ರೀಟ್ ದ್ವೀಪದಿಂದ ಬಂದಿದ್ದ ಲೂಯಿಸ್ ಟಿಕಾಸ್, ಸೆರೆ ಸಿಕ್ಕ ಮೇಲೆ ಕೊಲೆಯಾದ. ಬೆನ್ನಿಗೆ ಗುಂಡು ಬಿದ್ದಿತ್ತು.

ನಂತರದ ಹತ್ತು ದಿನ ಕಾರ್ಮಿಕರು ಬಂದೂಕು ಹಿಡಿದು ಗಣಿಗಳ ಮೇಲೆ ಬಿದ್ದರು. ಕಟ್ಟಡಗಳನ್ನು ಸುಟ್ಟರು, ಕಾವಲುಗಾರರನ್ನು ಕೊಂದರು. ಅಧ್ಯಕ್ಷ ವಿಲ್ಸನ್ ಕೇಂದ್ರದ ಸೇನೆಯನ್ನು ಕಳಿಸಿದ ಮೇಲಷ್ಟೇ ಅದು ನಿಂತಿದ್ದು. ಈ ಹತ್ತು ದಿನಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮಸ್ಯೆ

ಮುಷ್ಕರ ಸೋತ ದಿನ ಸಂಘದ ಮುಂದೆ ಇದ್ದ ಚಿತ್ರ ಹೀಗಿತ್ತು. ಸತ್ತವರ ಊರು ಎನ್ನಬಹುದಾದ ಊರೇ ಇಲ್ಲ, ಡೇರೆಗಳು ಸುಟ್ಟುಹೋಗಿವೆ. ಬದುಕಿದವರು ಹೆಸರು ಕಪ್ಪುಪಟ್ಟಿ ಸೇರಿ ಬೇರೆ ಬೇರೆ ರಾಜ್ಯಗಳಿಗೆ ಚದುರಿದ್ದಾರೆ. ಅವರಿಗೆ ಒಂದೇ ಭಾಷೆಯಿಲ್ಲ, ಒಂದೇ ಚರ್ಚಿಲ್ಲ, ಒಂದೇ ಸ್ಮಶಾನವೂ ಇಲ್ಲ. ಸೇನಾ ವಿಚಾರಣೆಯಲ್ಲಿ ಗುಂಡು ಹಾರಿಸಿದವರೆಲ್ಲ ಬಿಡುಗಡೆಯಾದರು. ಆದರೆ ಸಂಘದ ನಾಯಕ ಜಾನ್ ಲಾಸನ್ ಮೇಲೆ ಕೊಲೆ ಆರೋಪ ಸಾಬೀತಾಯಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ಅದನ್ನು ರದ್ದು ಮಾಡಿತು.

ಎದುರು ಪಕ್ಷವಂತೂ ಸುಮ್ಮನಿರಲಿಲ್ಲ. ಘಟನೆಗೆ ಎರಡು ವಾರ ಮೊದಲು ಜಾನ್ ರಾಕ್‌ಫೆಲ್ಲರ್ ಜೂನಿಯರ್ ಸಂಸತ್ತಿನ ಸಮಿತಿಯ ಮುಂದೆ ಕೂತು, ಸಂಘವಿಲ್ಲದೆ ಗಣಿ ನಡೆಸುವುದು ತಮಗೆ ತತ್ವದ ಪ್ರಶ್ನೆ, ಎಷ್ಟೇ ನಷ್ಟವಾದರೂ ಬಿಡುವುದಿಲ್ಲ ಎಂದಿದ್ದರು. ಘಟನೆಯ ನಂತರ ಪ್ರಚಾರ ತಜ್ಞ ಐವಿ ಲೀ ಅವರನ್ನು ನೇಮಿಸಿಕೊಂಡರು. ಅವರು ದೇಶದ ಗಣ್ಯರಿಗೆಲ್ಲ ಕರಪತ್ರ ಕಳಿಸಿದರು. ಒಲೆ ಮಗುಚಿ ಬೆಂಕಿ ಹತ್ತಿತು ಎಂಬ ಮಾತು ಹರಡಿದ್ದು ಹೀಗೆ. ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಜಿ ಕಿಂಗ್ ಸಲಹೆಯಂತೆ 1915ರಲ್ಲಿ ಕಂಪನಿ ತನ್ನದೇ ಪ್ರತಿನಿಧಿ ಮಂಡಳಿ ರಚಿಸಿತು, ಕ್ಲಬ್‌ಮನೆ ಕಟ್ಟಿಸಿತು. ಮಾಲೀಕರು ಸ್ವತಃ ಗಣಿಗೆ ಬಂದು ಕಾರ್ಮಿಕರ ಜೊತೆ ಊಟ ಮಾಡಿದರು, ಅವರ ಹೆಂಡಂದಿರ ಜೊತೆ ನೃತ್ಯ ಮಾಡಿದರು. ಹಳೆಯದನ್ನು ಮರೆತು ಮುಂದೆ ಸಾಗೋಣ ಎಂಬ ಕಥೆ ತಯಾರಿತ್ತು. ಅದನ್ನು ಹೇಳಲು ಬೇಕಾದ ಹಣ, ಪತ್ರಿಕೆ, ಕಟ್ಟಡ ಎಲ್ಲವೂ ಇತ್ತು.

ಪ್ರಯತ್ನಗಳು

ಮೊದಲು ಮಾತಾಡಿದವರು ಹೆಂಗಸರು. ಅದೇ ಗುಂಡಿಯಲ್ಲಿದ್ದು ತಾನು ಬದುಕಿ, ಮೂವರು ಮಕ್ಕಳನ್ನೂ ಕಳೆದುಕೊಂಡ ಒಬ್ಬ ತಾಯಿ ಮತ್ತು ಶಿಬಿರದ ಇನ್ನೂ ಕೆಲವು ಹೆಂಗಸರು ಕೆಲವೇ ವಾರಗಳಲ್ಲಿ ರೈಲು ಹತ್ತಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷರನ್ನು ಕಂಡರು. ಅವರ ಮಾತಿನಿಂದಲೇ ಘಟನೆಯ ತಿರುಳು ಗುಂಡಿನ ಕಾಳಗದಿಂದ ಆ ನೆಲಗುಂಡಿಗೆ ಸರಿಯಿತು. ಪತ್ರಿಕೆಗಳು ಅದನ್ನೇ ಎತ್ತಿಕೊಂಡವು. ನೆನಪಿನ ಮೊದಲ ರೂಪ ಇದು, ಇವತ್ತಿಗೂ ಬಹುಪಾಲು ಇದೇ.

ಎರಡನೆಯದು ಹೆಚ್ಚು ಮುಖ್ಯ, ಆದರೆ ಅದರ ಬಗ್ಗೆ ಮಾತಾಡುವವರು ಕಡಿಮೆ. ಖಜಾನೆ ಖಾಲಿಯಾಗಿ ಮುಷ್ಕರ ನಿಲ್ಲಿಸಿದ ಸಂಘ, ಕೆಲವೇ ವರ್ಷಗಳಲ್ಲಿ ಶಿಬಿರವಿದ್ದ ಜಾಗದ ನಲವತ್ತು ಎಕರೆಯನ್ನು ಕೊಂಡುಕೊಂಡಿತು. ಬಾಡಿಗೆಯಲ್ಲ, ಕ್ರಯ. ಗುಂಡಿಯನ್ನು ಮುಚ್ಚಲಿಲ್ಲ, ಗೋಡೆಗೆ ಕಾಂಕ್ರೀಟ್ ಹಾಕಿಸಿ, ಮೆಟ್ಟಿಲು ಇಟ್ಟು, ಮೇಲೊಂದು ಕಬ್ಬಿಣದ ಬಾಗಿಲು ಕೂರಿಸಿತು. ಬಂದವರು ಇವತ್ತೂ ಒಳಗಿಳಿಯಬಹುದು. ಪಕ್ಕದಲ್ಲೇ ಗ್ರಾನೈಟ್ ಸ್ಮಾರಕ: ನಿಂತ ಗಣಿಗಾರ, ಅವನ ಕೆಳಗೆ ಮಗುವನ್ನು ಹಿಡಿದು ಕೂತ ಹೆಂಗಸು, ಸತ್ತವರ ಹೆಸರುಗಳು. 1918ರ ಮೇ 30ರಂದು ಅದರ ಉದ್ಘಾಟನೆಯಾಯಿತು. ಆಗ ಕೊಲರಾಡೊ ಫ್ಯೂಯೆಲ್ ಅಂಡ್ ಐರನ್ ಸಂಘವನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ. ಕಂಪನಿಯ ಗಣಿಗಳಲ್ಲಿ ಮಾನ್ಯತೆ ಸಿಕ್ಕಿದ್ದು 1933ರಲ್ಲಿ, ಅಂದರೆ ಸ್ಮಾರಕ ನಿಂತು ಹದಿನೈದು ವರ್ಷದ ಮೇಲೆ.

ಈ ಕ್ರಯಪತ್ರವನ್ನು ನಾನು ಪ್ರಕರಣದ ಮೊದಲ ತಿರುವು ಎಂದು ಎಣಿಸುತ್ತೇನೆ. ಗಣಿಗಳು ಒಂದೊಂದಾಗಿ ಮುಚ್ಚಿದವು. ಕಂಪನಿ ತನ್ನ ಕಾಲೊನಿಗಳನ್ನು ಕೆಡವಿತು. ಬರ್ವಿಂಡ್, ಟೊಬಾಸ್ಕೊ ಮುಂತಾದ ಜಾಗಗಳಲ್ಲಿ ಈಗ ತಳಪಾಯದ ಕಲ್ಲುಗಳಷ್ಟೇ ಉಳಿದಿವೆ. ಲಡ್ಲೋ ರೈಲು ನಿಲ್ದಾಣದ ಹಳ್ಳಿಯೂ ಪಾಳುಬಿತ್ತು. ಆ ನಲವತ್ತು ಎಕರೆ ಮಾತ್ರ ಯಾರ ಮರ್ಜಿಗೂ ಒಳಪಡಲಿಲ್ಲ. ಪ್ರತಿವರ್ಷ ಜೂನ್‌ನಲ್ಲಿ ಸಂಘದವರು ಅಲ್ಲಿ ಸೇರುವ ವಾಡಿಕೆ ಬೆಳೆಯಿತು. ಭಾಷಣ, ಊಟ, ಹೂಮಾಲೆ, ನಿವೃತ್ತರ ಹರಟೆ. ಕೊಲರಾಡೊದ ಶಾಲೆಗಳಲ್ಲಿ ಈ ವಿಷಯ ಸರಿಯಾಗಿ ಬಾರದ ದಶಕಗಳಲ್ಲೂ ಈ ಜೂನ್ ಸಭೆ ತಪ್ಪಲಿಲ್ಲ.

ಇದರ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ, ಪಕ್ಕದ ಕಣಿವೆಗೆ ಹೋದರೆ ಸಾಕು. 1917ರ ಏಪ್ರಿಲ್ 27ರಂದು ಹೇಸ್ಟಿಂಗ್ಸ್ ಗಣಿಯಲ್ಲಿ ಸ್ಫೋಟವಾಗಿ 121 ಜನ ಸತ್ತರು. ಕೊಲರಾಡೊದ ಗಣಿ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ದುರಂತವಿಲ್ಲ. ಲಡ್ಲೋ ಶಿಬಿರದಲ್ಲಿ ಸತ್ತವರ ಐದಾರು ಪಟ್ಟು ಜನ. ದಾರಿಬದಿಯಲ್ಲಿ ಒಂದು ಕಲ್ಲು ಇದೆ, ಅಷ್ಟೆ. ಆ ಹೆಸರನ್ನು ಹಿಡಿದು ಯಾರೂ ಚಳವಳಿ ಮಾಡಲಿಲ್ಲ. ನೆನಪಿನ ಗಾತ್ರ ಸಾವಿನ ಸಂಖ್ಯೆಯನ್ನು ಅವಲಂಬಿಸುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಕ್ರೂರ ಪುರಾವೆ ನನಗೆ ಗೊತ್ತಿಲ್ಲ. ಆ 121 ಜನರಲ್ಲಿ ಲಡ್ಲೋ ಡೇರೆಗಳಲ್ಲಿ ಚಳಿಗಾಲ ಕಳೆದವರೂ ಇದ್ದಿರಬಹುದು.

ಅಗೆತದ ಒಪ್ಪಂದ

1997ರಲ್ಲಿ ಮೂರು ಉನ್ನತ ವಿದ್ಯಾಸಂಸ್ಥೆಗಳ ಪುರಾತತ್ವಜ್ಞರು ಸೇರಿ ಲಡ್ಲೋ ಬಯಲಿನಲ್ಲೂ ಕಂಪನಿಯ ಹಳೆಯ ಬರ್ವಿಂಡ್ ಕಾಲೊನಿಯಲ್ಲೂ ಅಗೆತ ಶುರು ಮಾಡಿದರು. ಜಾಗ ಸಂಘದ್ದು, ಹಾಗಾಗಿ ಅನುಮತಿಗೆ ಹೋಗಬೇಕಾದದ್ದು ಸ್ಥಳೀಯ ಘಟಕದ ಬಳಿಗೆ. ಅಲ್ಲಿ ಆಗ ನಿವೃತ್ತ ಗಣಿಗಾರರೇ ಹೆಚ್ಚು. ಕಾಲೇಜಿನವರ ಬಗ್ಗೆ ಅವರಿಗೆ ಅನುಮಾನ ಇದ್ದರೆ ಆಶ್ಚರ್ಯವಿಲ್ಲ. ಬರುತ್ತಾರೆ, ತೋಡುತ್ತಾರೆ, ಪುಸ್ತಕ ಬರೆದು ಹೊರಟುಹೋಗುತ್ತಾರೆ. ವಿದ್ವಾಂಸರು ಇಲ್ಲಿ ಒಂದು ಸ್ಪಷ್ಟ ನಿಲುವು ತೆಗೆದುಕೊಂಡರು. ಸಂಘವನ್ನು ಕೇವಲ ಅನುಮತಿ ಕೊಡುವ ಜಾಗದ ಮಾಲೀಕ ಎಂದು ನೋಡದೆ, ಕೆಲಸ ಯಾರಿಗಾಗಿ ನಡೆಯುತ್ತದೋ ಅವರೆಂದು ಒಪ್ಪಿಕೊಂಡರು. ಜೂನ್ ಸಭೆಗಳಲ್ಲಿ ತಾವು ಕಂಡದ್ದನ್ನು ವರದಿ ಮಾಡಿದರು, ಜಾಗದಲ್ಲಿ ವಿವರಣೆಯ ಫಲಕ ಹಾಕಿಸಿದರು, ಶಾಲಾ ಮೇಷ್ಟ್ರುಗಳಿಗೆ ತರಬೇತಿ ನಡೆಸಿದರು. ಈ ಫಲಕದ ಅಗತ್ಯ ಎಷ್ಟಿತ್ತೆಂದರೆ, ಹೆದ್ದಾರಿಯ ಸೂಚನೆ ನೋಡಿ ತಿರುಗಿ ಬಂದ ಪ್ರವಾಸಿಗರಲ್ಲಿ ಹಲವರು ಇದು ಸೇನೆ ಮತ್ತು ಮೂಲನಿವಾಸಿಗಳ ನಡುವಿನ ಯಾವುದೋ ಹತ್ಯಾಕಾಂಡದ ಜಾಗ ಎಂದುಕೊಂಡಿದ್ದರು.

ಅಗೆತದಲ್ಲಿ ಸಿಕ್ಕಿದ್ದು ಸುಟ್ಟ ಡೇರೆಗಳ ನೆಲೆ, ಅಡಗುಗುಂಡಿಗಳು, ತವರದ ಡಬ್ಬಿಗಳು, ಅಂಗಿಯ ಗುಂಡಿ, ಗಾಜು. ನನಗೆ ಹೆಚ್ಚು ಹಿಡಿಸಿದ್ದು ಬರ್ವಿಂಡ್‌ನ ಕಸದ ಗುಂಡಿಗಳ ಕಥೆ. ಮುಷ್ಕರಕ್ಕೆ ಮುಂಚಿನ ಕಸದಲ್ಲಿ ದೊಡ್ಡ ಡಬ್ಬಿ, ದೊಡ್ಡ ಪಾತ್ರೆಗಳು ಕಾಣುತ್ತವೆ. ಏಕೆಂದರೆ ಗಣಿಗಾರರ ಹೆಂಡಂದಿರು ಒಂಟಿ ಗಂಡಸರನ್ನು ಊಟ ವಸತಿಗೆ ಇಟ್ಟುಕೊಂಡು ಮನೆ ಖರ್ಚು ತೂಗಿಸುತ್ತಿದ್ದರು. ಮುಷ್ಕರದ ನಂತರ ಕಂಪನಿ ಈ ಪದ್ಧತಿಗೆ ಅಡ್ಡಿ ಮಾಡಿತು, ಕಸವೂ ಬದಲಾಯಿತು: ಸಣ್ಣ ಡಬ್ಬಿ, ಮನೆಯಲ್ಲೇ ಹಣ್ಣು ತರಕಾರಿ ಹಾಕಿಡುವ ಜಾಡಿಗಳು. ಬೇರೆ ಬೇರೆ ಭಾಷೆಯ ಗಂಡಸರು ಗಣಿಯೊಳಗೆ ಒಗ್ಗಟ್ಟಾದರು ಎಂದು ಹಳೆಯ ಇತಿಹಾಸ ಹೇಳುತ್ತಿತ್ತು. ಒಗ್ಗಟ್ಟು ಅಡುಗೆಮನೆಗಳಲ್ಲೂ ಬೆಳೆದಿತ್ತು, ಆ ಹೆಂಗಸರ ದುಡಿಮೆಯಿಲ್ಲದೆ ಮುಷ್ಕರ ಒಂದು ತಿಂಗಳೂ ನಡೆಯುತ್ತಿರಲಿಲ್ಲ ಎನ್ನುವುದನ್ನು ಕಸ ತೋರಿಸಿತು. ಸ್ಮಾರಕದ ಹೆಂಗಸು ಮಗು ಹಿಡಿದು ಕೂತಿದ್ದಾಳೆ. ಅಗೆತದಲ್ಲಿ ಸಿಕ್ಕ ಹೆಂಗಸಿಗೆ ಕೂರಲು ಪುರುಸೊತ್ತೇ ಇರಲಿಲ್ಲ.

ಅಗೆತ ಶುರುವಾದ ವರ್ಷವೇ ಮತ್ತೊಂದು ಘಟನೆ ನಡೆಯಿತು. ಉತ್ತರಕ್ಕಿರುವ ಪ್ಯೂಬ್ಲೋ ನಗರದ ಉಕ್ಕಿನ ಕಾರ್ಖಾನೆಯಲ್ಲಿ 1997ರ ಅಕ್ಟೋಬರ್‌ನಲ್ಲಿ ಮುಷ್ಕರವಾಯಿತು. ಇದು ಅದೇ ಹಳೆಯ ಕಂಪನಿಯ ಕಾರ್ಖಾನೆ, ಮಾಲೀಕರು ಮಾತ್ರ ಬೇರೆ. ಬಲವಂತದ ಓವರ್‌ಟೈಮ್ ದೊಡ್ಡ ದೂರುಗಳಲ್ಲಿ ಒಂದು. ಎಂಟು ಗಂಟೆಯ ದಿನಕ್ಕಾಗಿ ಸತ್ತವರ ಜಾಗಕ್ಕೆ, ಅದೇ ಜಗಳ ಇನ್ನೂ ಮುಗಿಯದ ಉಕ್ಕಿನ ಕಾರ್ಮಿಕರು ಬಂದು ನಿಂತರು. ಆ ವಿವಾದ ಇತ್ಯರ್ಥವಾದದ್ದು 2004ರಲ್ಲಿ. ನಿವೃತ್ತರ ಸಭೆಯಾಗಿ ಕರಗಬಹುದಾಗಿದ್ದ ಜೂನ್ ಸಭೆಗೆ ಇದರಿಂದ ಹೊಸ ಜನ, ಹೊಸ ಕಾರಣ ಸಿಕ್ಕಿತು. ಇದು ಯಾರೂ ಯೋಜಿಸಿದ್ದಲ್ಲ. ಆದರೆ ಬಂದವರನ್ನು ಸೇರಿಸಿಕೊಳ್ಳುವ ತೀರ್ಮಾನ ಗಣಿ ಸಂಘದ್ದು.

ತಲೆ ಕಡಿದ ಮೇಲೆ

2003ರ ಮೇ ತಿಂಗಳಲ್ಲಿ ಯಾರೋ ರಾತ್ರಿ ಬಂದು ಸ್ಮಾರಕದ ಗಂಡಸು ಮತ್ತು ಹೆಂಗಸಿನ ತಲೆಗಳನ್ನು ಕಡಿದು ಹಾಕಿದರು. ಮಾಡಿದವರು ಸಿಗಲಿಲ್ಲ, ಏಕೆ ಮಾಡಿದರು ಎನ್ನುವುದೂ ಗೊತ್ತಾಗಲಿಲ್ಲ. ಪ್ಯೂಬ್ಲೋ ವಿವಾದ ಬಿಸಿಯಿದ್ದ ಕಾಲವಾದ್ದರಿಂದ ಜನ ತಮಗೆ ತೋಚಿದಂತೆ ಮಾತಾಡಿಕೊಂಡರು. ಸಂಘದ ಮುಂದೆ ಸುಲಭದ ದಾರಿ ಇತ್ತು: ಈ ಊಹೆಯನ್ನೇ ಹಿಡಿದು ಎದುರಾಳಿಯತ್ತ ಬೆರಳು ತೋರಿಸುವುದು. ಅದರ ಬದಲು ದುರಸ್ತಿಗೆ ದೇಣಿಗೆ ಕೇಳಿತು. ತಲೆಗಳನ್ನು ಹೊಸದಾಗಿ ಕೆತ್ತಿಸಿ, 2005ರ ಜೂನ್‌ನಲ್ಲಿ ಸ್ಮಾರಕವನ್ನು ಮತ್ತೆ ಅನಾವರಣ ಮಾಡಿತು. ಎಂಬತ್ತೈದು ವರ್ಷ ಬಿಸಿಲು ಮಳೆ ಕಂಡ ಕಲ್ಲಿನ ಮೇಲೆ ಹೊಸ ಮುಖಗಳು.

ಜಾಗವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಕೇಂದ್ರ ಸರ್ಕಾರ 2009ರಲ್ಲಿ ಘೋಷಿಸಿತು. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಒದಗಿಸುವಲ್ಲಿ ಆ ಅಗೆತದ ವರದಿಗಳು ನೆರವಾದವು. ಮಾಲೀಕತ್ವ ಮಾತ್ರ ಸಂಘದಲ್ಲೇ ಉಳಿಯಿತು. ಒಂದು ಕಾಲಕ್ಕೆ ಈ ಬಯಲಿಗೆ ಸೈನಿಕರನ್ನು ಕಳಿಸಿದ ರಾಜ್ಯ ಸರ್ಕಾರವೇ 2013ರಲ್ಲಿ ಶತಮಾನ ಸ್ಮರಣೆಗೆ ಒಂದು ಆಯೋಗ ರಚಿಸಿತು. 2014ರ ಏಪ್ರಿಲ್ 20 ಭಾನುವಾರ, ಅಂದೇ ಈಸ್ಟರ್. ಗ್ರೀಕ್ ಪಾದ್ರಿಗಳು ಅಲ್ಲೇ ಪ್ರಾರ್ಥನೆ ನಡೆಸಿದರು.

ಏನು ಗಿಟ್ಟಿತು, ಏನು ಬಿಟ್ಟುಹೋಯಿತು

ಇಂಥ ಕೆಲಸಕ್ಕೆ ಕೈಹಾಕುವವರು ಈ ಪ್ರಕರಣದಿಂದ ಮೊದಲು ಕಲಿಯಬೇಕಾದದ್ದು ಜಮೀನಿನ ಪಾಠ. ಸ್ಮಾರಕ ನಿಲ್ಲಿಸಲು ನಗರಸಭೆಯ ವೃತ್ತದ ನಡುವೆ ಜಾಗ ಕೇಳಿದವರು ಮುಂದಿನ ರಸ್ತೆ ಅಗಲೀಕರಣದಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ಯಾವ ಸಾಲು ಕೆತ್ತಬಹುದು ಎಂದು ಅಧಿಕಾರಿಯ ಬಳಿ ಚೌಕಾಸಿ ಮಾಡುತ್ತಾರೆ. ಲಡ್ಲೋ ಸಂಘಕ್ಕೆ ಆ ಚೌಕಾಸಿಯೇ ಇರಲಿಲ್ಲ. ಸ್ಮಾರಕದ ಬರಹ ಕಂಪನಿಗೆ ಹಿಡಿಸುತ್ತದೆಯೇ ಎಂದು ಕೇಳಬೇಕಾಗಿರಲಿಲ್ಲ. ಜೊತೆಗೆ, ಎಂಬತ್ತು ತೊಂಬತ್ತು ವರ್ಷದ ನಂತರ ವಿದ್ವಾಂಸರೂ ಸರ್ಕಾರವೂ ಬಂದಾಗ ಮಾತುಕತೆ ಸರಿಸಮನಾಗಿ ನಡೆದದ್ದು ಆ ಕ್ರಯಪತ್ರದ ಬಲದಿಂದ.

ಆದರೆ ಮಾಲೀಕನೇ ಕಥೆಗಾರನೂ ಆದಾಗ ಕಥೆ ಒಂದು ಕಡೆ ವಾಲುತ್ತದೆ. ಆ ಹತ್ತು ದಿನಗಳಿಗೆ ಬರೋಣ. ಸಂಘರ್ಷದ ಒಟ್ಟು ಸಾವು ಕಡಿಮೆಯೆಂದರೂ 66 ಎಂಬ ಲೆಕ್ಕವಿದೆ. ಅದರಲ್ಲಿ ದೊಡ್ಡ ಪಾಲು ಲಡ್ಲೋ ಶಿಬಿರದ್ದಲ್ಲ. ಅಮೆರಿಕದಲ್ಲಿ ಕಾರ್ಮಿಕರು ಅಷ್ಟು ದೊಡ್ಡ ಪ್ರಮಾಣದಲ್ಲಿ ಶಸ್ತ್ರ ಹಿಡಿದ ಉದಾಹರಣೆಗಳು ಬೆರಳೆಣಿಕೆಯಷ್ಟು. ಕೇಂದ್ರ ಸರ್ಕಾರವನ್ನು ಅಲುಗಾಡಿಸಿದ್ದು, ಮುಂದೆ ಕೈಗಾರಿಕಾ ಸಂಬಂಧಗಳ ಆಯೋಗದ ತೀಕ್ಷ್ಣ ವಿಚಾರಣೆಗೆ ಒತ್ತಡ ತಂದದ್ದು ಮಕ್ಕಳ ಸಾವಿನಷ್ಟೇ ಆ ಬಂದೂಕುಗಳೂ ಕೂಡ. ತಾಯಿ ಮಗುವಿನ ಶಿಲ್ಪದಲ್ಲಿ ಅದಕ್ಕೆ ಜಾಗವಿಲ್ಲ. ಏಕಿಲ್ಲ ಎನ್ನುವುದು ಅರ್ಥವಾಗುತ್ತದೆ. ಸಂಘದ ನಾಯಕನ ಮೇಲೇ ಕೊಲೆ ಮೊಕದ್ದಮೆ ನಡೆದಿದ್ದ ಕಾಲದಲ್ಲಿ, ನಾವೂ ಹೊಡೆದೆವು ಎಂದು ಕಲ್ಲಿನಲ್ಲಿ ಕೆತ್ತಿಸುವ ಧೈರ್ಯ ಯಾರಿಗೆ ಇದ್ದೀತು? ಆಗ ಅದು ಜಾಣತನ. ನೂರು ವರ್ಷ ಕಳೆದ ಮೇಲೂ ಅದೇ ಮೌನ ಮುಂದುವರಿದರೆ, ಹೋರಾಡಿದವರು ಬರೀ ಸತ್ತವರಾಗಿ ಉಳಿಯುತ್ತಾರೆ. ಪುಕ್ಕಟೆ ಕೆಲಸ, ತೂಕದ ಮನೆ, ಎಂಟು ಗಂಟೆ ಇವೆಲ್ಲ ಹಿಂದೆ ಸರಿದು ಒಂದು ಘೋರ ಬೆಂಕಿ ಅನಾಹುತ ಮಾತ್ರ ಕಣ್ಣಿಗೆ ಬೀಳುತ್ತದೆ. ಒಲೆ ಮಗುಚಿದ ಕಥೆ ಹೇಳಿದವರಿಗೂ ಅಷ್ಟೇ ಬೇಕಿತ್ತು.

ಇನ್ನೊಂದು ಅಸಮತೆ ಹೊಸದು. ಲಡ್ಲೋ ಹತ್ತಿರದ ಟ್ರಿನಿಡಾಡ್ ಪಟ್ಟಣದಲ್ಲಿ 2018ರಲ್ಲಿ ಲೂಯಿಸ್ ಟಿಕಾಸ್‌ನ ಪ್ರತಿಮೆ ನಿಂತಿತು. ಅದರ ಹಿಂದೆ ಅಮೆರಿಕದ ಗ್ರೀಕ್ ಸಮುದಾಯದ ಶ್ರಮ ಇದೆ, ಅವನಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ನೆಲಗುಂಡಿಯಲ್ಲಿ ಸತ್ತವರು ನಾಲ್ಕು ಮನೆಯವರು. ಎರಡು ಮನೆ ಇಟಲಿ ಮೂಲದವು, ಎರಡು ಸ್ಪ್ಯಾನಿಷ್ ಮಾತಿನವು. ಒಂದೇ ಸ್ಪ್ಯಾನಿಷ್ ಮಾತಿನ ಮನೆಯಲ್ಲಿ ತಾಯಿ ಮತ್ತು ನಾಲ್ಕು ಮಕ್ಕಳು ಹೋದರು. ವಲಸಿಗರ ಮುಷ್ಕರ ಎಂದು ಹೇಳುವಾಗ, ಆ ನೆಲ ಅಮೆರಿಕಕ್ಕೆ ಸೇರುವ ಮೊದಲಿನಿಂದಲೂ ಆ ಸೀಮೆಯಲ್ಲಿ ಬೇರಿದ್ದ ಜನ ಲೆಕ್ಕದಿಂದ ಜಾರಿಹೋಗುತ್ತಾರೆ. ಅವರ ಪರವಾಗಿ ದೇಣಿಗೆ ಎತ್ತಲು ದೂರದ ಊರುಗಳಲ್ಲಿ ಕಾಸುಳ್ಳ ಬಂಧುಬಳಗ ಇರಲಿಲ್ಲ. ಟ್ರಿನಿಡಾಡ್‌ನಲ್ಲಿ ಅವರ ಭಾಷೆ ಆಡುವವರು ಇವತ್ತೂ ಇದ್ದಾರೆ. ಮುಂದಿನ ಫಲಕದ ಬರಹ ತಯಾರಾಗುವಾಗ ಮೊದಲು ಅವರ ಮನೆ ಬಾಗಿಲು ತಟ್ಟಬೇಕು.